ಹೊಣೆಗಿಂತ ಮೊದಲು ತಿಳಿವಳಿಕೆ: ವಿಕಲಚೇತನ ಮಗುವಿನ ಒಡಹುಟ್ಟಿದವರಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಮನೆಯ ಮಾತಿನಲ್ಲಿ ನಾವು ಯಾರನ್ನೂ ಬರಿದೇ ಒಡಹುಟ್ಟಿದವರೆಂದು ಕರೆಯುವುದಿಲ್ಲ. ಅಣ್ಣ, ಅಕ್ಕ, ತಮ್ಮ, ತಂಗಿ ಎನ್ನುತ್ತೇವೆ. ಯಾರು ಮೊದಲು ಹುಟ್ಟಿದರು, ಯಾರು ಯಾರ ಕೈಹಿಡಿದು ನಡೆಸಬೇಕು ಎಂಬುದು ಆ ಪದಗಳಲ್ಲಿಯೇ ಅಡಗಿದೆ. ಅಂಗವೈಕಲ್ಯವುಳ್ಳ ಮಗುವಿರುವ ಮನೆಯಲ್ಲಿ ಈ ಕ್ರಮ ಸದ್ದಿಲ್ಲದೆ ತಿರುವುಮುರುವಾಗುತ್ತದೆ. ಆರು ವರ್ಷದ ತಂಗಿ ಹನ್ನೊಂದು ವರ್ಷದ ಅಣ್ಣನ ಬಾಯಿಗೆ ಲೋಟ ಹಿಡಿಯುತ್ತಾಳೆ, ಅವನ ಜೊಲ್ಲು ಒರೆಸುತ್ತಾಳೆ, ಬೀದಿಯ ಹುಡುಗರು ಅವನನ್ನು ಅಣಕಿಸಿದರೆ ಕಲ್ಲು ಎತ್ತಿಕೊಳ್ಳುತ್ತಾಳೆ. ಆದರೂ ಅವನನ್ನು ಅಣ್ಣ ಎಂದೇ ಕರೆಯುತ್ತಾಳೆ.

ನಾನು ಅಂಥ ಒಬ್ಬ ತಂಗಿ. ನನ್ನ ಅಣ್ಣನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮಿದುಳಿಗಾದ ಪೆಟ್ಟಿನಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಅಪ್ಪ ಅಮ್ಮನಿಗೆ ನನ್ನ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ, ನನ್ನ ಕಡೆಗೆ ತಿರುಗಲು ಬಿಡುವಿರಲಿಲ್ಲ. ಮುಂದೆ ವಿಶೇಷ ಶಾಲೆಯೊಂದರಲ್ಲಿ ಪೋಷಕರ ಜೊತೆ ಕೆಲಸ ಮಾಡಲು ತೊಡಗಿದಾಗ, ಪ್ರತಿ ಮಗುವಿನ ಕಡತದಲ್ಲಿಯೂ ಅದರ ಅಕ್ಕ ಅಥವಾ ತಮ್ಮ ಒಂದು ಅಂಕಿಯಾಗಿ ಮಾತ್ರ ಉಳಿದಿರುವುದನ್ನು ಕಂಡೆ. ಆ ಅಂಕಿಯ ಹಿಂದಿರುವ ಮಗುವಿಗೆ ಏನು ಬೇಕು ಎಂದು ಕೇಳುವ ಅಂಕಣ ಎಲ್ಲಿಯೂ ಇರಲಿಲ್ಲ.

ಒಡಹುಟ್ಟಿದ ಮಗುವಿಗೆ ಮೊದಲು ತಿಳಿವಳಿಕೆ ಸಿಗಬೇಕು, ನಂತರ ತಂದೆತಾಯಿಯ ಸಮಯ ಸಿಗಬೇಕು, ಹೊಣೆ ಎಲ್ಲಕ್ಕಿಂತ ಕೊನೆಯಲ್ಲಿ ಬರಬೇಕು. ನಮ್ಮ ಮನೆಗಳಲ್ಲಿ ಹೊಣೆ ಮೊದಲು ಬರುತ್ತದೆ, ಸಮಯ ಸಿಕ್ಕರೆ ಸಿಕ್ಕಿತು, ತಿಳಿವಳಿಕೆ ಬರುವುದೇ ಇಲ್ಲ. ಮುಂದಿನ ಹೆಜ್ಜೆಗಳನ್ನು ಈ ಕ್ರಮ ಸರಿಪಡಿಸಲೆಂದೇ ಬರೆದಿದ್ದೇನೆ.

ಮೊದಲ ಹೆಜ್ಜೆ: ಇರುವುದನ್ನು ಇರುವಂತೆ ಹೇಳಿ

ತನ್ನ ಅಕ್ಕ ಓರಗೆಯ ಮಕ್ಕಳಂತಿಲ್ಲ ಎಂಬುದು ಬಹಳ ಚಿಕ್ಕ ಮಗುವಿಗೂ ತಿಳಿಯುತ್ತದೆ. ಯಾರೂ ಕಾರಣ ಹೇಳದಿದ್ದರೆ ಮಗು ತಾನೇ ಒಂದು ಕಾರಣವನ್ನು ಕಟ್ಟಿಕೊಳ್ಳುತ್ತದೆ, ಮತ್ತು ಅದು ಕಟ್ಟಿಕೊಂಡ ಕಾರಣ ನಿಜಕ್ಕಿಂತ ಹೆಚ್ಚು ಭಯ ಹುಟ್ಟಿಸುವಂಥದ್ದಾಗಿರುತ್ತದೆ. ಅಣ್ಣನ ಕಾಲುಗಳು ಬಿಗಿದುಕೊಂಡಿರುವುದು ನಾನು ಒಮ್ಮೆ ಅವನ ಮೇಲೆ ಬಿದ್ದುದರಿಂದ ಎಂದು ನಾನು ಬಹಳ ಕಾಲ ನಂಬಿದ್ದೆ. ಅವನು ನನಗಿಂತ ಐದು ವರ್ಷ ದೊಡ್ಡವನು, ನಾನು ಹುಟ್ಟುವ ಮೊದಲೇ ಅವನ ಕಾಲು ಹಾಗಿತ್ತು ಎಂಬ ಸರಳ ಲೆಕ್ಕ ನನಗೆ ಹೊಳೆಯಲಿಲ್ಲ. ಯಾರನ್ನಾದರೂ ಕೇಳಬಹುದು ಎಂಬುದೂ ಹೊಳೆಯಲಿಲ್ಲ.

ಇದು ನನ್ನಿಂದ ಆಯಿತೇ, ಇದು ನನಗೂ ಅಂಟುತ್ತದೆಯೇ, ಅವನು ಸತ್ತುಹೋಗುತ್ತಾನೆಯೇ ಎಂಬ ಮೂರು ಪ್ರಶ್ನೆಗಳು ಚಿಕ್ಕ ಮಗುವಿನ ಮನಸ್ಸಿನಲ್ಲಿ ಇದ್ದೇ ಇರುತ್ತವೆಂದು ತಿಳಿದು, ಅದು ಕೇಳುವವರೆಗೆ ಕಾಯದೆ ನೀವೇ ಉತ್ತರ ಹೇಳಬೇಕು. ನಾಲ್ಕೈದು ವರ್ಷದ ಮಗುವಿಗೆ ಇಷ್ಟು ಸಾಕು: "ಅಣ್ಣ ಹುಟ್ಟುವಾಗ ಅವನ ಮಿದುಳಿಗೆ ಪೆಟ್ಟಾಯಿತು ಕಂದ. ಅದಕ್ಕೇ ಅವನ ಕೈಕಾಲು ಅವನ ಮಾತು ಕೇಳುವುದಿಲ್ಲ. ಅದು ನೆಗಡಿಯ ಹಾಗೆ ಅಂಟುವುದಿಲ್ಲ. ನಿನ್ನಿಂದ ಆಗಿದ್ದಲ್ಲ, ಯಾರ ತಪ್ಪೂ ಅಲ್ಲ." ಎಂಟು ಹತ್ತು ವರ್ಷದ ಮಗುವಿಗೆ ಅಂಗವೈಕಲ್ಯದ ಹೆಸರನ್ನು ಕಲಿಸಿ, ಏಕೆಂದರೆ ಶಾಲೆಯಲ್ಲಿ ಯಾರಾದರೂ ಕೇಳಿದಾಗ ಹೇಳಲು ಅದಕ್ಕೊಂದು ಪದ ಬೇಕು, ಆ ಪದ ಸಿಗದಿದ್ದರೆ ಬೀದಿಯಲ್ಲಿ ಕೇಳಿದ ಹುಚ್ಚ, ಪೆದ್ದ ಎಂಬ ಮಾತುಗಳೇ ಅದರ ಪಾಲಿಗೆ ಉಳಿಯುತ್ತವೆ. ಈ ವಯಸ್ಸಿನಲ್ಲಿ ಮಗುವನ್ನು ಒಮ್ಮೆ ಥೆರಪಿಗೆ ಜೊತೆಯಲ್ಲಿ ಕರೆದುಕೊಂಡು ಹೋಗುವುದೂ ಒಳ್ಳೆಯದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೋ, ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೋ ಅಮ್ಮ ಮತ್ತು ಅಣ್ಣ ವಾರವಾರ ಹೋಗಿ ದಣಿದು ಬರುವುದನ್ನು ಮಾತ್ರ ಕಂಡ ಮಗುವಿಗೆ ಅಲ್ಲಿ ಏನು ನಡೆಯುತ್ತದೆ ಎಂಬುದು ಒಗಟಾಗಿರುತ್ತದೆ. ಅಣ್ಣನನ್ನು ಅಲ್ಲಿ ಜಾತ್ರೆಗೆ ಕರೆದೊಯ್ಯುತ್ತಾರೆಂದು ಮುನಿಸಿಕೊಂಡಿದ್ದ ಮಕ್ಕಳನ್ನು ನಾನು ಕಂಡಿದ್ದೇನೆ.

ಮನೆಗೆ ಬಂದವರು ಮಕ್ಕಳ ಎದುರಿಗೇ ಆಡುವ ಮಾತುಗಳಿಗೂ ಉತ್ತರ ಸಿದ್ಧವಿರಲಿ. ಗ್ರಹಣದ ದಿನ ಬಸುರಿ ಹೊರಗೆ ಬಂದಳು, ಯಾವುದೋ ಜನ್ಮದ ಕರ್ಮ, ಯಾರದೋ ಶಾಪ ಎಂಬ ಮಾತುಗಳು ನಮ್ಮ ಊರುಗಳಲ್ಲಿ ಇಂದಿಗೂ ನಿಂತಿಲ್ಲ. ಹಿರಿಯರೊಡನೆ ಜಗಳವಾಡುವ ಅಗತ್ಯವಿಲ್ಲ, ಆದರೆ ಅವರು ಎದ್ದುಹೋದ ಮೇಲೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ್ದು ನಿಜವಲ್ಲ, ವೈದ್ಯರು ಹೇಳಿದ ಕಾರಣ ಇದು ಎಂದು ಸ್ಪಷ್ಟವಾಗಿ ಹೇಳಲೇಬೇಕು. ನೀವು ಸುಮ್ಮನಿದ್ದರೆ ಮಗು ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತದೆ.

ಎರಡನೆಯದು: ಕೋಪಕ್ಕೂ ನಾಚಿಕೆಗೂ ಜಾಗ ಕೊಡಿ

"ಇವನು ನಮ್ಮ ಮನೆಯಲ್ಲಿ ಹುಟ್ಟಲೇಬಾರದಿತ್ತು" ಎಂದು ತಂಗಿಯೊಬ್ಬಳು ಕಿರುಚಿದರೆ ತಾಯಿಯ ಎದೆ ಒಡೆಯುವುದು ಸಹಜ. ಆ ಕ್ಷಣದಲ್ಲಿ ಹೊರಡುವ ಮಾತು ಸಾಮಾನ್ಯವಾಗಿ "ಛೇ, ಹಾಗೆಲ್ಲ ಅನ್ನಬಾರದು, ಪಾಪ ಬರುತ್ತದೆ" ಎಂಬುದು. ಆ ಮಾತಿನಿಂದ ಮಗುವಿನ ಕೋಪ ಇಳಿಯುವುದಿಲ್ಲ. ಕೋಪದ ಮೇಲೆ ಅಪರಾಧಿ ಭಾವವೂ ಬಂದು ಕೂರುತ್ತದೆ. ಅದರ ಬದಲು ನಡೆದ ಸಂಗತಿಯನ್ನು ಹೆಸರಿಸಿ: "ನಿನ್ನ ಡ್ರಾಯಿಂಗ್ ಹರಿದು ಹಾಕಿದ, ಅದಕ್ಕೇ ನಿನಗೆ ಅಷ್ಟು ಸಿಟ್ಟು ಬಂದಿದೆ. ನನಗೂ ಬರುತ್ತಿತ್ತು." ನಂತರ ಆ ಚಿತ್ರವನ್ನು ಎತ್ತರದಲ್ಲಿ ಇಡಲು ಒಂದು ಜಾಗ ಮಾಡಿಕೊಡಿ. ಬೀಗ ಹಾಕಬಹುದಾದ ಒಂದು ಟ್ರಂಕು ಅಥವಾ ಬೀರುವಿನ ಮೇಲಿನ ಅಂಕಣ ಆ ಮಗುವಿನದೇ ಆಗಿದ್ದು, ಅದನ್ನು ಮುಟ್ಟುವ ಹಕ್ಕು ಇನ್ನಾರಿಗೂ ಇರದಿದ್ದರೆ ಅರ್ಧ ಜಗಳ ಅಲ್ಲಿಗೇ ತಗ್ಗುತ್ತದೆ. ಅಂಗವೈಕಲ್ಯವುಳ್ಳ ಮಗುವೂ ತನ್ನ ಶಕ್ತಿಗೆ ತಕ್ಕಂತೆ ಮನೆಯ ನಿಯಮ ಪಾಲಿಸಬೇಕು. ಹರಿದ ಕಾಗದವನ್ನು ಎತ್ತಿಡಲು ಅವನಿಗೆ ಸಾಧ್ಯವಿದ್ದರೆ ಅವನೇ ಎತ್ತಿಡಲಿ.

ನಾಚಿಕೆ ಇನ್ನೂ ಕಠಿಣ, ಏಕೆಂದರೆ ಮಗು ಅದನ್ನು ಹೇಳಿಕೊಳ್ಳುವುದಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಅಣ್ಣನನ್ನು ಕರೆತರಬೇಡಿ ಎಂದು ಹದಿಮೂರರ ಹುಡುಗಿ ಹೇಳಿದರೆ ಅವಳು ಕೆಟ್ಟವಳಲ್ಲ. ಒಂದು ಸಲ ಒಪ್ಪಿಕೊಳ್ಳಿ, ಅವಳ ನೃತ್ಯವನ್ನು ಇಡೀ ಗಮನ ಕೊಟ್ಟು ನೋಡಿ ಬನ್ನಿ, ವಾರದ ನಂತರ ಆ ವಿಷಯ ಮಾತಾಡಿ. ಆದರೆ ಅಣ್ಣ ಇದ್ದಾನೆ ಎಂಬುದನ್ನೇ ಮುಚ್ಚಿಡಲು ಮನೆಯವರು ಎಂದೂ ಜೊತೆಗೂಡಬಾರದು.

ಇದಕ್ಕಿಂತ ಹೆಚ್ಚಾಗಿ ನೀವು ಗಮನಿಸಬೇಕಾದದ್ದು ಎಂದೂ ಸಿಟ್ಟಾಗದ ಮಗುವನ್ನು. ಎಲ್ಲ ವಿಷಯದಲ್ಲೂ ಮೊದಲ ಸ್ಥಾನ, ಯಾವ ಹಟವೂ ಇಲ್ಲ, ಜ್ವರ ಬಂದರೂ ಹೇಳುವುದಿಲ್ಲ, "ನಮ್ಮ ಪುಟ್ಟಿ ಬಹಳ ಜಾಣೆ, ನಮಗೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ" ಎಂದು ಎಲ್ಲರೂ ಹೊಗಳುತ್ತಾರೆ. ಆ ಹೊಗಳಿಕೆಯಿಂದ ಮಗು ಕಲಿಯುವುದು ಒಂದೇ ಪಾಠ: ಈ ಮನೆಯಲ್ಲಿ ಕಷ್ಟಪಡುವ ಹಕ್ಕು ಒಬ್ಬನಿಗೆ ಮಾತ್ರ ಇದೆ. ಅಂಥ ಮಗುವನ್ನು ಹೇಗಿದ್ದೀ ಎಂದು ನೀವೇ ಕೇಳಿ, ಹಟ ಮಾಡಲು ಅವಕಾಶ ಕೊಡಿ, ಅಂಕ ಕಡಿಮೆ ಬಂದ ದಿನ ಗದರದಿರಿ.

ಮೂರನೆಯದು: ಸಮಯವನ್ನು ಗಡಿಯಾರ ನೋಡಿ ಕೊಡಿ

ಬಿಡುವಾದಾಗ ಕೊಡುವ ಸಮಯ ಇಂಥ ಮನೆಯಲ್ಲಿ ಎಂದೂ ಬರುವುದಿಲ್ಲ. ಆದ್ದರಿಂದ ದಿನಕ್ಕೆ ಹದಿನೈದು ನಿಮಿಷವಾದರೂ ಸರಿ, ಅದೇ ಹೊತ್ತಿಗೆ, ಅಪ್ಪ ಅಥವಾ ಅಮ್ಮ ಆ ಮಗುವಿಗೆ ಮಾತ್ರ ಸಿಗುವಂತೆ ಗೊತ್ತುಮಾಡಿ. ತಲೆ ಬಾಚುವ ಹೊತ್ತಾಗಬಹುದು, ಸಂಜೆ ಹಾಲಿನ ಅಂಗಡಿಗೆ ನಡೆದುಹೋಗುವ ದಾರಿಯಾಗಬಹುದು. ಆ ಹೊತ್ತಿನಲ್ಲಿ ಅಣ್ಣನ ಮಾತು ಬೇಡ. ವರ್ಷಕ್ಕೊಮ್ಮೆಯಾದರೂ ಒಂದು ಇಡೀ ದಿನ ಅದಕ್ಕೇ ಮೀಸಲಿರಲಿ. ಆ ದಿನ ಥೆರಪಿಯ ತಾರೀಖು ಬಂದರೆ ಬದಲಾಗಬೇಕಾದದ್ದು ಥೆರಪಿಯ ತಾರೀಖು. ಮಾತು ಕೊಟ್ಟು ತಪ್ಪುವುದಕ್ಕಿಂತ ಚಿಕ್ಕ ಮಾತು ಕೊಟ್ಟು ಉಳಿಸಿಕೊಳ್ಳುವುದು ಮೇಲು.

ನಾಲ್ಕನೆಯದು: ಕೆಲಸಕ್ಕೆ ಗೆರೆ ಎಳೆಯಿರಿ

ಮನೆಯಲ್ಲಿ ಎಲ್ಲ ಮಕ್ಕಳೂ ಕೆಲಸ ಮಾಡುತ್ತಾರೆ, ಮಾಡಬೇಕು. ಅಣ್ಣನಿಗೆ ತಟ್ಟೆ ತಂದುಕೊಡುವುದು, ಅವನ ಗಾಲಿಕುರ್ಚಿಯನ್ನು ಅಂಗಳದವರೆಗೆ ತಳ್ಳುವುದು, ಅವನ ಜೊತೆ ಕೂತು ಟಿವಿ ನೋಡುವುದು ತಂಗಿಗೆ ಹೊರೆಯಲ್ಲ. ಗೆರೆ ಎಲ್ಲಿದೆ ಎಂದು ಗೊತ್ತುಮಾಡಲು ನಾನು ಪೋಷಕರಿಗೆ ಎರಡು ಪ್ರಶ್ನೆಗಳನ್ನು ಹೇಳುತ್ತೇನೆ. ಈ ಕೆಲಸವನ್ನು ಅವಳು ಇಂದು ಒಲ್ಲೆ ಎಂದರೆ ಮನೆ ನಡೆಯುತ್ತದೆಯೇ? ಈ ಕೆಲಸಕ್ಕಾಗಿ ಅವಳು ಶಾಲೆ, ಆಟ, ನಿದ್ದೆ ಇವುಗಳಲ್ಲಿ ಯಾವುದನ್ನಾದರೂ ಬಿಡುತ್ತಿದ್ದಾಳೆಯೇ? ಮೊದಲನೆಯದಕ್ಕೆ ಇಲ್ಲ ಎಂದೋ, ಎರಡನೆಯದಕ್ಕೆ ಹೌದು ಎಂದೋ ಉತ್ತರ ಬಂದರೆ ಅದು ಮಗುವಿನ ಪಾಲಿನ ಕೆಲಸವಲ್ಲ, ದೊಡ್ಡವರ ಕೆಲಸ.

ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಅಣ್ಣ ಕ್ರಿಕೆಟ್ಟಿಗೆ ಹೋಗಿರುತ್ತಾನೆ, ಅಕ್ಕ ತಮ್ಮನಿಗೆ ಊಟ ಮಾಡಿಸುತ್ತಿರುತ್ತಾಳೆ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಬೆಳೆದ ಗಂಡುಮಗನ ಸ್ನಾನ, ಶೌಚ, ಬಟ್ಟೆ ಬದಲಿಸುವುದು ಎಂದಿಗೂ ತಂಗಿಯ ಕೆಲಸವಾಗಬಾರದು. ಹಾಗೆಯೇ ಬೆಳೆದ ಹೆಣ್ಣುಮಗಳ ಮುಟ್ಟಿನ ಆರೈಕೆ ತಮ್ಮನ ಪಾಲಿಗೆ ಬರಬಾರದು. ಭಾರ ಎತ್ತುವುದನ್ನೂ ಬೆಳೆಯುವ ಮಕ್ಕಳಿಗೆ ಒಪ್ಪಿಸಬೇಡಿ, ಬೀಳುವವರು ಇಬ್ಬರಾಗುತ್ತಾರೆ.

ಮೂರ್ಛೆ ಬರುವ ಮಗುವಿದ್ದರೆ ಒಡಹುಟ್ಟಿದವರಿಗೆ ಕೆಲವೇ ಸಂಗತಿಗಳನ್ನು ಕಲಿಸಿ, ಎರಡು ಮೂರು ಸಲ ನಟಿಸಿ ತೋರಿಸಿ. ಅವನನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ತಲೆಯ ಕೆಳಗೆ ಮೆತ್ತಗಿನದು ಇಡಬೇಕು, ಹತ್ತಿರದ ಚೂಪಾದ ವಸ್ತುಗಳನ್ನು ಸರಿಸಬೇಕು, ಗಡಿಯಾರ ನೋಡಬೇಕು, ದೊಡ್ಡವರನ್ನು ಕೂಗಬೇಕು. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು. ಕಬ್ಬಿಣದ ಬೀಗದ ಕೈ ಹಿಡಿಸುವುದರಿಂದಲೂ ಈರುಳ್ಳಿ ಮೂಸಿಸುವುದರಿಂದಲೂ ಮೂರ್ಛೆ ನಿಲ್ಲುವುದಿಲ್ಲ, ಬದಲಾಗಿ ಸಮಯ ಹಾಳಾಗುತ್ತದೆ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು. ಏನು ಮಾಡಬೇಕೆಂದು ತಿಳಿದ ಮಗುವಿಗೆ ಮೂರ್ಛೆಯ ಭಯ ಬಹಳಷ್ಟು ಇಳಿಯುತ್ತದೆ.

ಹೊಡೆಯುವ, ಕಚ್ಚುವ ಅಭ್ಯಾಸವಿರುವ ಮಗುವಿದ್ದರೆ, "ಪಾಪ, ಅವನಿಗೆ ತಿಳಿಯುವುದಿಲ್ಲ, ನೀನೇ ಹೊಂದಿಕೋ" ಎಂಬ ಮಾತನ್ನು ಮನೆಯಿಂದಲೇ ತೆಗೆದುಹಾಕಿ. ಅವನಿಗೆ ತಿಳಿಯದಿರಬಹುದು, ಆದರೆ ನೋಯುವುದು ತಂಗಿಗೆ. ಅವನು ಕೆರಳುವ ಮುನ್ನ ಕಾಣುವ ಗುರುತುಗಳನ್ನು ಅವಳಿಗೆ ಹೇಳಿಕೊಡಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆಯನ್ನೋ ಹೋಗಿ ಕೂರಬಹುದಾದ ನೆರೆಮನೆಯನ್ನೋ ಮೊದಲೇ ಗೊತ್ತುಮಾಡಿ. ಅಲ್ಲಿಂದ ಎದ್ದುಹೋಗುವುದು ತಪ್ಪಲ್ಲ ಎಂದು ಬಾಯಿಬಿಟ್ಟು ಹೇಳಿ.

ಐದನೆಯದು: ಇಬ್ಬರ ನಡುವೆ ಆಟ ಉಳಿಯಲಿ

ಒಡಹುಟ್ಟಿದವರನ್ನು ಮನೆಯ ಎರಡನೆಯ ಥೆರಪಿಸ್ಟ್ ಮಾಡುವ ಆಸೆ ಅನೇಕ ಪೋಷಕರಲ್ಲಿದೆ. ಆಡುವಾಗಲೂ ಬಣ್ಣ ಹೇಳಿಸು, ಎಣಿಸುವುದನ್ನು ಕಲಿಸು ಎಂದರೆ ಆಟವೂ ಪಾಠವಾಗುತ್ತದೆ. ನನ್ನ ಅಣ್ಣನಿಗೆ ಚೌಕಾಬಾರದಲ್ಲಿ ಕಾಯಿ ನಡೆಸಲು ಕೈ ಸಾಗದು, ಆದರೆ ಕವಡೆ ಚೆಲ್ಲಲು ಸಾಗುತ್ತದೆ. ಅವನು ಚೆಲ್ಲುವುದು, ನಾನು ಇಬ್ಬರ ಕಾಯಿಯನ್ನೂ ನಡೆಸುವುದು ಎಂದು ನಾವೇ ನಿಯಮ ಮಾಡಿಕೊಂಡಿದ್ದೆವು. ನಾನು ಮೋಸ ಮಾಡಿದರೆ ಅವನು ಕಿರುಚುತ್ತಿದ್ದ. ಅಣ್ಣ ಎಂಬ ಪದಕ್ಕೆ ಅರ್ಥ ಉಳಿಯುವುದು ಇಂಥಲ್ಲಿ. ರಕ್ಷಾಬಂಧನವನ್ನೋ ನಾಗರ ಪಂಚಮಿಯನ್ನೋ ಆಚರಿಸುವ ಮನೆಗಳಲ್ಲಿ ತಂಗಿಗೆ ಕೊಡುವ ಉಡುಗೊರೆಯನ್ನು ಅಣ್ಣನ ಕೈಯಿಂದಲೇ ಕೊಡಿಸಿ, ಸಾಧ್ಯವಾದರೆ ಅವನೇ ಆರಿಸಲಿ.

ಆರನೆಯದು: ಶಾಲೆಯವರ ಜೊತೆ ಮಾತಾಡಿ

ಇಬ್ಬರೂ ಒಂದೇ ಶಾಲೆಯಲ್ಲಿ ಓದುವಾಗ ಒಂದು ತೊಂದರೆ ತಪ್ಪದೆ ಬರುತ್ತದೆ. ತಮ್ಮ ಚಡ್ಡಿಯಲ್ಲಿ ಒದ್ದೆ ಮಾಡಿಕೊಂಡರೆ, ಅತ್ತರೆ, ಊಟ ಮಾಡದಿದ್ದರೆ ಶಿಕ್ಷಕರು ಐದನೆಯ ತರಗತಿಯಿಂದ ಅಕ್ಕನನ್ನು ಕರೆಸುತ್ತಾರೆ. ಅವರಿಗೆ ಅದು ಸುಲಭದ ದಾರಿ. ಅವಳಿಗೆ ತಪ್ಪುವುದು ಗಣಿತದ ಪಾಠ, ಮತ್ತು ಇಡೀ ತರಗತಿಯ ಎದುರು ಎದ್ದುಹೋಗುವ ಅವಮಾನ ಬೇರೆ. ಮುಖ್ಯೋಪಾಧ್ಯಾಯರನ್ನು ಕಂಡು, ತರಗತಿಯ ಹೊತ್ತಿನಲ್ಲಿ ಅವಳನ್ನು ಕರೆಸಬಾರದೆಂದು ವಿನಯದಿಂದ, ಆದರೆ ಖಚಿತವಾಗಿ ಕೇಳಿಕೊಳ್ಳಿ. ಸರ್ಕಾರಿ ಶಾಲೆಯಾದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲ್ಲೂಕಿನಲ್ಲಿರುವ ಬಿಐಇಆರ್‌ಟಿ ಶಿಕ್ಷಕರನ್ನು ಕ್ಷೇತ್ರ ಸಂಪನ್ಮೂಲ ಕೇಂದ್ರದ ಮೂಲಕ ಭೇಟಿಯಾಗಿ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯನ್ನೂ ಅವರ ಬಳಿ ವಿಚಾರಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಆ ಹಕ್ಕನ್ನು ನಡೆಸಿಕೊಡಬೇಕಾದವರು ದೊಡ್ಡವರು, ಅಕ್ಕನಲ್ಲ.

ಶಿಕ್ಷಕರು ಈ ಲೇಖನ ಓದುತ್ತಿದ್ದರೆ ಒಂದು ವಿನಂತಿ. ಅಣ್ಣನ ಆಸ್ಪತ್ರೆಯ ದಿನಗಳಲ್ಲಿ ಹೋಂವರ್ಕ್ ಮುಗಿಸದ ತಂಗಿಯನ್ನು ನಿಲ್ಲಿಸಿ ಕೇಳುವ ಮೊದಲು ಒಬ್ಬಳನ್ನೇ ಕರೆದು ಕೇಳಿ.

ಒಂದೇ ಬಗೆಯ ಮನೆಯಲ್ಲಿ ಬೆಳೆಯುವ ಮಕ್ಕಳು ಒಬ್ಬರನ್ನೊಬ್ಬರು ಕಂಡರೆ ಆಗುವ ಹಗುರ ಬೇರೆ ಯಾವುದರಿಂದಲೂ ಆಗದು. ಅಮೆರಿಕದಲ್ಲಿ ಡಾನ್ ಮೇಯರ್ ಎಂಬುವರು 1980ರ ದಶಕದಲ್ಲಿ ಆರಂಭಿಸಿದ ಸಿಬ್‌ಶಾಪ್ ಎಂಬ ಕೂಟಗಳು ಇದಕ್ಕಾಗಿಯೇ ಇವೆ. ಆಟ ಹೆಚ್ಚು, ಮಾತು ಕಡಿಮೆ ಎಂಬುದು ಅವುಗಳ ರೀತಿ. ನಮ್ಮಲ್ಲಿ ಇದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ನಿಮ್ಮ ಮಗು ಹೋಗುವ ವಿಶೇಷ ಶಾಲೆಯಲ್ಲಿ ಪೋಷಕರ ಸಭೆ ನಡೆಯುವಾಗ, ಅದೇ ಹೊತ್ತಿಗೆ ಐದಾರು ಒಡಹುಟ್ಟಿದ ಮಕ್ಕಳನ್ನು ಇನ್ನೊಂದು ಕೋಣೆಯಲ್ಲಿ ಆಡಲು ಬಿಟ್ಟು, ಅವರೊಡನೆ ಕೂರುವ ಒಬ್ಬ ಹಿರಿಯ ಅಕ್ಕನನ್ನೋ ಅಣ್ಣನನ್ನೋ ಕರೆದರೆ ಸಾಕು. ಅವರು ಏನು ಮಾತಾಡಿಕೊಂಡರೆಂದು ನಂತರ ಕೆದಕಬೇಡಿ.

ಏಳನೆಯದು: ನೆಂಟರಿಗೆ ನಿರ್ದಿಷ್ಟ ಕೆಲಸ ಹೇಳಿ

"ಏನಾದರೂ ಬೇಕಿದ್ದರೆ ಹೇಳಿ" ಎನ್ನುವ ನೆಂಟರು ಬಹಳ ಜನ, ಮತ್ತು ಅವರ ಮಾತು ನಿಜವಾದದ್ದೇ. ಏನು ಮಾಡಬೇಕೆಂದು ಅವರಿಗೆ ತಿಳಿಯದು. ಆದ್ದರಿಂದ ಅವರಿಗೆ ದಿನ ಮತ್ತು ಹೊತ್ತು ಹೇಳಿ. "ಅತ್ತೆ, ಶನಿವಾರ ಸಂಜೆ ಎರಡು ಗಂಟೆ ನೀವು ಇವನ ಜೊತೆ ಕೂತರೆ ನಾನು ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಬರುತ್ತೇನೆ" ಎಂದರೆ ಇಲ್ಲ ಎನ್ನುವವರು ಕಡಿಮೆ. ಮೊದಲ ಒಂದೆರಡು ಸಲ ಜೊತೆಯಲ್ಲಿದ್ದು, ಅವನು ಹೇಗೆ ನೀರು ಕೇಳುತ್ತಾನೆ, ಹೇಗೆ ನುಂಗುತ್ತಾನೆ ಎಂದು ತೋರಿಸಿಕೊಡಿ. ಭಯದಿಂದ ದೂರ ನಿಂತಿದ್ದ ಅಜ್ಜಿಯರು ತಿಂಗಳೊಳಗೆ ಕಥೆ ಹೇಳುತ್ತಾ ಕೂರುವುದನ್ನು ನಾನು ನೋಡಿದ್ದೇನೆ.

ಮದುವೆಯ ಮಾತು ಬಂದಾಗ ಮಾತ್ರ ನೆಂಟರ ಸಲಹೆಯನ್ನು ಒಪ್ಪಬೇಡಿ. ಹೆಣ್ಣು ನೋಡಲು ಬರುವ ದಿನ ಅಣ್ಣನನ್ನು ಹಿಂದಿನ ಕೋಣೆಯಲ್ಲೋ ಸೋದರಮಾವನ ಮನೆಯಲ್ಲೋ ಇಡುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಮುಚ್ಚಿಟ್ಟು ಮಾಡಿದ ಮದುವೆಯ ಭಾರವನ್ನು ಜೀವನವಿಡೀ ಹೊರುವವಳು ಆ ಮಗಳು. ಮೊದಲ ಭೇಟಿಯಲ್ಲಿಯೇ ಅವನನ್ನು ಪರಿಚಯಿಸಿ. ಅದರಿಂದ ತಪ್ಪಿಹೋದ ಸಂಬಂಧ ಮುಂದೆ ಅವಳಿಗೆ ಕೊಡಬಹುದಾಗಿದ್ದ ನೋವನ್ನು ಯೋಚಿಸಿದರೆ, ಅದು ತಪ್ಪಿದ್ದೇ ಲೇಸು.

ಇದರ ಜೊತೆಗೆ ನನ್ನ ಮಕ್ಕಳಿಗೂ ಹೀಗಾಗುವುದೇ ಎಂಬ ಪ್ರಶ್ನೆ ಯೌವನದ ಒಡಹುಟ್ಟಿದವರನ್ನು ಒಳಗೊಳಗೇ ಕಾಡುತ್ತದೆ. ಉತ್ತರ ಅಂಗವೈಕಲ್ಯದ ಕಾರಣವನ್ನು ಅವಲಂಬಿಸಿದೆ. ಸೆರೆಬ್ರಲ್ ಪಾಲ್ಸಿ ಸಾಮಾನ್ಯವಾಗಿ ವಂಶದಿಂದ ಬರುವಂಥದ್ದಲ್ಲ. ಡೌನ್ ಸಿಂಡ್ರೋಮ್ ಕೂಡ ಬಹುಪಾಲು ಆಕಸ್ಮಿಕ. ಸ್ನಾಯುಗಳು ಸವೆಯುತ್ತಾ ಹೋಗುವ ಡುಶೆನ್ ಸ್ನಾಯುಕ್ಷಯದಲ್ಲಿ ತಾಯಿ ವಾಹಕಳಾಗಿದ್ದರೆ, ಅಂದರೆ ದೋಷದ ವಂಶವಾಹಿಯನ್ನು ಹೊತ್ತವಳಾಗಿದ್ದರೆ, ಪ್ರತಿ ಮಗಳೂ ವಾಹಕಳಾಗುವ ಸಾಧ್ಯತೆ ಶೇಕಡಾ 50ರಷ್ಟಿದೆ. ಹುಟ್ಟುಕಿವುಡಿನ ಕೆಲವು ಬಗೆಗಳಂತೆ, ತಂದೆತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಸ್ಥಿತಿಗಳು ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು. ಊಹೆಯಿಂದ ಹೆದರುವ ಬದಲು ಮದುವೆಗೆ ಮುನ್ನ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಸಂಸ್ಥೆಯಲ್ಲಿ ಆನುವಂಶಿಕ ಸಲಹೆ ಪಡೆಯಿರಿ. ಹೋಗುವಾಗ ಅಂಗವೈಕಲ್ಯವುಳ್ಳವರ ಹಳೆಯ ವರದಿಗಳೆಲ್ಲ ಜೊತೆಯಲ್ಲಿರಲಿ. ವಾಹಕಳೇ ಎಂಬ ಪರೀಕ್ಷೆಯನ್ನು ಚಿಕ್ಕ ಹುಡುಗಿಗೆ ಮಾಡಿಸಬೇಡಿ. ತಿಳಿಯಬೇಕೋ ಬೇಡವೋ ಎಂಬುದನ್ನು ಅವಳು ಬೆಳೆದ ಮೇಲೆ ತಾನೇ ನಿರ್ಧರಿಸಲಿ.

ಎಂಟನೆಯದು: ತಂದೆತಾಯಿಯ ಬೆನ್ನಿನ ಭಾರ ಇಳಿಸುವ ಕಾಗದಗಳು

ಅಮ್ಮ ಕುಸಿದರೆ ಆ ಜಾಗಕ್ಕೆ ಮೊದಲು ಬರುವವಳು ಹಿರಿಯ ಮಗಳು. ಆದ್ದರಿಂದ ಪೋಷಕರಿಗೆ ಸಿಗಬೇಕಾದ ನೆರವನ್ನು ಪಡೆಯುವುದೂ ಒಡಹುಟ್ಟಿದವರನ್ನು ಕಾಯುವ ಕೆಲಸವೇ. ಎಲ್ಲಕ್ಕೂ ಬುಡ ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಅರ್ಜಿ ತುಂಬಲು ಬರದವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಬೇಕು. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಇವರು ಇದ್ದಾರೆ ಎಂಬುದೇ ಅನೇಕ ಮನೆಗಳಿಗೆ ತಿಳಿದಿಲ್ಲ. ಮಾಸಿಕ ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ಸಂಸ್ಥೆಯಾದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ವೈದ್ಯಕೀಯ ವೆಚ್ಚಕ್ಕೆ ಇದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದವರಿಗೆ ರೈಲು ಟಿಕೆಟ್ಟಿನಲ್ಲಿ ಕೊಡುವ ರಿಯಾಯಿತಿ ಅವರ ಜೊತೆಗಾರರಿಗೂ ಸಿಗುತ್ತದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ತಾಯಂದಿರ ಥೆರಪಿಯ ಓಡಾಟದ ಖರ್ಚು ಎಷ್ಟೋ ಮನೆಗಳಲ್ಲಿ ಇಳಿದಿದೆ.

ಅಪ್ಪಂದಿರಿಗೆ ಒಂದು ಮಾತು. ಆಸ್ಪತ್ರೆಯೂ ಶಾಲೆಯೂ ಕಾಗದವೂ ಅಮ್ಮನ ಪಾಲಿಗೆ, ದುಡಿಮೆ ಮಾತ್ರ ನಿಮ್ಮ ಪಾಲಿಗೆ ಎಂಬ ಹಂಚಿಕೆಯಲ್ಲಿ ನಡುವೆ ಬೀಳುವವರು ಉಳಿದ ಮಕ್ಕಳು. ರಾತ್ರಿಯ ಊಟ ಮಾಡಿಸುವುದನ್ನು ನೀವು ವಹಿಸಿಕೊಂಡರೆ, ಮೇಲೆ ಹೇಳಿದ ಹದಿನೈದು ನಿಮಿಷ ಅಮ್ಮನಿಗೆ ಅಲ್ಲಿಂದ ಸಿಗುತ್ತದೆ.

ಮಗು ನಿದ್ದೆ ಬಿಟ್ಟಿದ್ದರೆ, ಓದಿನಲ್ಲಿ ಒಮ್ಮೆಲೇ ಹಿಂದೆ ಬಿದ್ದಿದ್ದರೆ, ಪದೇ ಪದೇ ಹೊಟ್ಟೆನೋವು ಎನ್ನುತ್ತಿದ್ದು ವೈದ್ಯರಿಗೆ ಏನೂ ಕಾಣದಿದ್ದರೆ, ಬದುಕುವುದೇ ಬೇಡ ಎಂಬ ಮಾತಾಡಿದರೆ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತಾಡಬಹುದು. ಮಕ್ಕಳು ತಾವೇ ಕರೆ ಮಾಡಲು 1098 ಇದೆ.

ಒಂಬತ್ತನೆಯದು: ನಾಳೆಯ ಮಾತನ್ನು ಇಂದೇ ಆಡಿ

"ನಮ್ಮ ನಂತರ ನೀನೇ ಅಲ್ಲವೇನಪ್ಪ" ಎಂಬ ಮಾತನ್ನು ಹತ್ತು ವರ್ಷದ ಹುಡುಗನಿಗೆ ಹೇಳಬೇಡಿ. ಹದಿನೆಂಟು ದಾಟಿದ ಮೇಲೆ ಕೂತು ಕೇಳಿ: ನಿನಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ? ತನ್ನ ಮನೆಯಲ್ಲಿಯೇ ಇರಿಸಿಕೊಳ್ಳುತ್ತೇನೆ ಎನ್ನಬಹುದು. ಹಣ ನೋಡಿಕೊಳ್ಳುತ್ತೇನೆ, ಜೊತೆಯಲ್ಲಿ ಇರಲಾರೆ ಎನ್ನಬಹುದು. ತಿಂಗಳಿಗೊಮ್ಮೆ ಬಂದು ನೋಡುತ್ತೇನೆ ಎನ್ನಬಹುದು. ಮೂರೂ ಮರ್ಯಾದೆಯ ಉತ್ತರಗಳೇ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ತಮ್ಮ ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಅಣ್ಣನೊಡನೆ ಕೂತು, ನಿರಾಮಯದ ನವೀಕರಣ, ಬ್ಯಾಂಕು, ಔಷಧಿಯ ಲೆಕ್ಕ ಇವುಗಳನ್ನು ಅಲ್ಲಿಂದಲೇ ವಹಿಸಿಕೊಂಡರೆ ಊರಿನಲ್ಲಿರುವ ಅಕ್ಕನ ಹೆಗಲು ನಿಜಕ್ಕೂ ಹಗುರಾಗುತ್ತದೆ.

ಮಗುವಿಗೆ 18 ತುಂಬಿದ ಮೇಲೆ ತಂದೆತಾಯಿ ಕಾನೂನಿನ ದೃಷ್ಟಿಯಲ್ಲಿ ತಾವಾಗಿ ಪಾಲಕರಾಗಿ ಉಳಿಯುವುದಿಲ್ಲ. ಬ್ಯಾಂಕಿನಲ್ಲೋ ಆಸ್ತಿಯ ನೋಂದಣಿಯಲ್ಲೋ ತಡೆ ಬಂದಾಗಲೇ ಹೆಚ್ಚಿನವರಿಗೆ ಇದು ತಿಳಿಯುವುದು. ಮೇಲೆ ಹೇಳಿದ ನಾಲ್ಕು ಬಗೆಯ ಅಂಗವೈಕಲ್ಯವುಳ್ಳವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಜಿಲ್ಲಾಡಳಿತದ ಸ್ಥಳೀಯ ಮಟ್ಟದ ಸಮಿತಿಯ ಮೂಲಕ ಕಾನೂನುಬದ್ಧ ಪಾಲಕರನ್ನು ನೇಮಿಸಬಹುದು. ತಂದೆತಾಯಿಯೂ ಅರ್ಜಿ ಹಾಕಬಹುದು, ಸಂಬಂಧಿಕರೂ ಹಾಕಬಹುದು. ಪಾಲಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ಒಡಹುಟ್ಟಿದವರು ಒಪ್ಪಿಗೆ ಕೊಡುವ ಮುನ್ನ ಈ ಹೊಣೆಯೂ ಅವರಿಗೆ ಗೊತ್ತಿರಲಿ.

ಆಸ್ತಿಯ ವಿಷಯದಲ್ಲಿ ಬಾಯಿಮಾತಿಗೆ ಬಿಡಬೇಡಿ. ಎಲ್ಲವನ್ನೂ ಸರಿಯಿರುವ ಮಗನ ಹೆಸರಿಗೆ ಮಾಡಿ, ಅವನು ನೋಡಿಕೊಳ್ಳುತ್ತಾನೆ ಎಂದು ನಂಬುವುದು ಇಬ್ಬರಿಗೂ ಅನ್ಯಾಯ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಮಿನ ಪ್ರಕಾರ ರೋಗ ಅಥವಾ ಅಂಗವೈಕಲ್ಯದ ಕಾರಣದಿಂದ ಯಾರೂ ವಾರಸುದಾರಿಕೆ ಕಳೆದುಕೊಳ್ಳುವುದಿಲ್ಲ. ಅವನ ಪಾಲು ಎಷ್ಟು, ಅದನ್ನು ಯಾರು ನಿರ್ವಹಿಸಬೇಕು, ಟ್ರಸ್ಟ್ ಮಾಡಬೇಕೇ ಎಂಬುದನ್ನು ವಕೀಲರ ನೆರವಿನಿಂದ ಉಯಿಲಿನಲ್ಲಿ ಬರೆಸಿ, ಎಲ್ಲ ಮಕ್ಕಳ ಎದುರಿಗೆ ಒಮ್ಮೆ ಓದಿ ಹೇಳಿ.

ಇಷ್ಟಾದ ಮೇಲೆ, ಯಾವ ಕಚೇರಿಯೂ ಕೇಳದ ಇನ್ನೊಂದು ಹಾಳೆಯನ್ನು ಕಡತಕ್ಕೆ ಸೇರಿಸಿ. ಅವನು ಏನು ತಿನ್ನುತ್ತಾನೆ, ಯಾವ ಮಾತ್ರೆ ಯಾವ ಹೊತ್ತಿಗೆ, ಯಾವ ಸದ್ದಿಗೆ ಹೆದರುತ್ತಾನೆ, ನೋವಾದರೆ ಹೇಗೆ ತಿಳಿಸುತ್ತಾನೆ ಎಂಬುದನ್ನು ಅದರಲ್ಲಿ ಬರೆಯಿರಿ. ಬರೆಯುವಾಗ ಒಡಹುಟ್ಟಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಏಕೆಂದರೆ ತಾಯಿಗೆ ತಿಳಿಯದ ಕೆಲವು ಸಂಗತಿಗಳು ಅವರಿಗೆ ತಿಳಿದಿರುತ್ತವೆ. ಪ್ರತಿ ವರ್ಷ ಅವನ ಹುಟ್ಟುಹಬ್ಬದ ವಾರದಲ್ಲಿ ಅದನ್ನು ತಿದ್ದಿ. ನಮ್ಮ ಮನೆಯ ಹಾಳೆಯಲ್ಲಿ ಮೇಲಿನ ಅರ್ಧ ಅಮ್ಮನ ಅಕ್ಷರದಲ್ಲಿದೆ. ಎಡ ಮಣಿಕಟ್ಟು ಕಚ್ಚಿಕೊಂಡರೆ ಹಲ್ಲುನೋವು ಎಂದು ತಿಳಿಯಬೇಕು, ಕಾಫಿ ಸ್ಟೀಲ್ ಲೋಟದಲ್ಲಿಯೇ ಕೊಡಬೇಕು, ಚೌಕಾಬಾರದಲ್ಲಿ ಮೋಸ ಮಾಡಬಾರದು ಎಂಬ ಕೆಳಗಿನ ಸಾಲುಗಳು ನನ್ನವು.